ವರ್ಶೊವಿತ್ಸೆಯ ಕಾಂಗರೂಗಳು: ಪ್ರಾಗ್‌ನಲ್ಲಿ ಒಂದು ಫುಟ್‌ಬಾಲ್ ವಾರಾಂತ್ಯ

ಶುಕ್ರವಾರ

ನ್ಯೂರೆಂಬರ್ಗ್‌ನಿಂದ ಪ್ರಾಗ್‌ಗೆ ಬಸ್ಸಿನಲ್ಲಿ ನಾಲ್ಕು ಗಂಟೆ ಹತ್ತಿರದ ದಾರಿ. ಗಡಿ ದಾಟಿದ್ದು ಗೊತ್ತೇ ಆಗುವುದಿಲ್ಲ. ರಸ್ತೆ ಬದಿಯ ಬೋರ್ಡಿನ ಅಕ್ಷರಗಳ ಮೇಲೆ ಕೊಂಬು, ಬಾಲ ಕಾಣಿಸಿಕೊಂಡರೆ ಜೆಕ್ ನಾಡು ಬಂತು ಅಂತ. ಬೆಂಗಳೂರಿನಿಂದ ತಮ್ಮ ಬಂದಿದ್ದ. ಕಂಠೀರವದಲ್ಲಿ ಪಂದ್ಯ ಇದ್ದರೆ ಮನೆಯಲ್ಲಿ ಕೂರುವವನಲ್ಲ ಅವನು. "ಅಣ್ಣಾ, ಕೋಟೆ, ಸೇತುವೆ ಎಲ್ಲ ಆಮೇಲೆ. ಮೊದಲು ಪನೆಂಕಾ ಆಡಿದ ಮೈದಾನ ತೋರಿಸು" ಅಂತ ಬಸ್ಸು ಹತ್ತುವ ಮೊದಲೇ ಹೇಳಿದ್ದ. ಪನೆಂಕಾ ಅಂದರೆ ಒಂದು ಪೆನಾಲ್ಟಿ ಹೊಡೆತಕ್ಕೆ ತನ್ನ ಹೆಸರನ್ನೇ ಕೊಟ್ಟ ಜೆಕ್ ಆಟಗಾರ, ಪ್ರಾಗ್‌ನ ಬೊಹೆಮಿಯನ್ಸ್ ಕ್ಲಬ್ಬಿಗೆ ಆಡಿದವರು. ನನಗೂ ಬೇಕಾಗಿದ್ದು ಅದೇ. ಬೊಹೆಮಿಯನ್ಸ್ ಕ್ಲಬ್ಬಿನ ಕಥೆ ಓದಿಕೊಂಡೇ ಎಷ್ಟೋ ವರ್ಷ ಕಳೆದಿದ್ದೇನೆ.

ಪ್ರಾಗ್‌ನಲ್ಲಿ ದೊಡ್ಡ ಹೆಸರಿನ ಕ್ಲಬ್ಬುಗಳು ಎರಡು, ಸ್ಪಾರ್ಟಾ ಮತ್ತು ಸ್ಲಾವಿಯಾ. ಕಪ್ಪುಗಳೆಲ್ಲ ಹೆಚ್ಚಾಗಿ ಅವರ ಮನೆಯಲ್ಲೇ. ಬೊಹೆಮಿಯನ್ಸ್ ಲೀಗ್ ಗೆದ್ದಿದ್ದು ಒಂದೇ ಒಂದು ಸಲ, 1983ರಲ್ಲಿ. ಆದರೂ ಹಸಿರು-ಬಿಳಿ ಶಾಲು ಹೊದ್ದ ಅದರ ಜನ ಕಡಿಮೆಯಾಗಿಲ್ಲ. ಯಾಕೆ ಅಂತ ಅಲ್ಲೇ ಹೋಗಿ ನೋಡಬೇಕಿತ್ತು.

ಹಾಗಾಗಿ ಉಳಿದುಕೊಳ್ಳಲು ಹಳೇ ಊರಿನ ಹತ್ತಿರ ಹುಡುಕದೆ ವರ್ಶೊವಿತ್ಸೆಯಲ್ಲೇ ರೂಮು ಹಿಡಿದೆವು. ಕ್ಲಬ್ಬು ಹುಟ್ಟಿದ ಬಡಾವಣೆ ಅದು. ಪ್ರವಾಸಿಗಳ ಗದ್ದಲ ಇಲ್ಲ, ಬಾಡಿಗೆಯೂ ಕಡಿಮೆ. ಟ್ರಾಮಿನಲ್ಲಿ ಪೇಟೆಗೆ ಕಾಲು ಗಂಟೆ ಚಿಲ್ಲರೆ. ಟಿಕೆಟ್ ತಗೊಂಡರೆ ಮಾತ್ರ ಸಾಲದು. ಹತ್ತಿದ ಕೂಡಲೇ ಹಳದಿ ಪೆಟ್ಟಿಗೆಗೆ ತೂರಿಸಿ ಸಮಯದ ಮುದ್ರೆ ಹಾಕಿಸಿಕೊಳ್ಳಬೇಕು. ಮಾಮೂಲಿ ಬಟ್ಟೆಯಲ್ಲೇ ತಪಾಸಣೆಯವರು ಓಡಾಡುತ್ತಿರುತ್ತಾರೆ.

ನಾವಿಳಿದ ಸ್ಟಾಪಿನ ಹೆಸರು ನೋಡಿ ತಮ್ಮ ನಿಂತಲ್ಲೇ ನಿಂತ. ಕೊಹಿನೂರ್! ವಜ್ರಕ್ಕೂ ಇಲ್ಲಿಗೂ ಸಂಬಂಧ ಇಲ್ಲ. ಈ ಬಡಾವಣೆಯಲ್ಲಿ ವಾಲ್ಡೆಸ್ ಅನ್ನುವ ಉದ್ಯಮಿಯ ಫ್ಯಾಕ್ಟರಿ ಇತ್ತು. ಬಟ್ಟೆಗೆ ಹಾಕುವ ಟಿಚ್ ಬಟನ್ ತಯಾರಿಸಿ ಕೊಹಿನೂರ್ ಹೆಸರಲ್ಲಿ ಮಾರುತ್ತಿದ್ದರು. ಹೆಸರು ಸ್ಟಾಪಿಗೆ ಅಂಟಿಕೊಂಡಿದೆ. ಬೊಹೆಮಿಯನ್ಸ್ ಅಂತಲೂ ಒಂದು ಟ್ರಾಮ್ ಸ್ಟಾಪಿದೆ, ಅಲ್ಲಿಂದ ಸ್ವಲ್ಪ ಮುಂದೆ.

ರೂಮಿನ ಕೀಲಿ ಇಟ್ಟಿದ್ದ ಪೆಟ್ಟಿಗೆ ತೆರೆಯಲೇ ಇಲ್ಲ. ಸಣ್ಣಗೆ ಮಳೆ ಬೇರೆ. ಏಪ್ರಿಲ್ ಆದರೂ ಬೆರಳು ಮರಗಟ್ಟುವ ಚಳಿ. ಫೋನಿಗೆ ಯಾರೂ ಸಿಗಲಿಲ್ಲ. ಕೆಳಗಿನ ಮನೆಯ ಹೆಂಗಸು ಕಿಟಕಿಯಿಂದ ನೋಡಿ, ಹೊರಗೆ ಬಂದು, ಪೆಟ್ಟಿಗೆಯ ತಳಕ್ಕೆ ಅಂಗೈಯಿಂದ ಒಂದು ಏಟು ಕೊಟ್ಟರು. ಮುಚ್ಚಳ ಟಕ್ ಅಂತ ಬಿಚ್ಚಿಕೊಂಡಿತು. "ಫೊಟ್‌ಬಾಲ್?" ಅಂತ ಕೇಳಿದರು. ಹೌದು ಅಂದೆವು. "ಬೊಹೆಮ್ಕಾ!" ಅಂತ ಮುಷ್ಟಿ ಎತ್ತಿ ಒಳಗೆ ಹೋದರು. ಈ ಕಡೆಯವರು ಕ್ಲಬ್ಬನ್ನು ಪ್ರೀತಿಯಿಂದ ಕರೆಯುವುದೇ ಹಾಗೆ.

ರಾತ್ರಿ ಮೂಲೆಯ ಹೋಟೆಲಿನಲ್ಲಿ ಬೆಳ್ಳುಳ್ಳಿ ಸೂಪು ಕುಡಿದೆವು. ಚಳಿಗೆ ಅದರಷ್ಟು ಒಳ್ಳೇದು ಇನ್ನೊಂದಿಲ್ಲ. ಕೆಲವು ಕಡೆ ಅದಕ್ಕೆ ಮಾಂಸದ ಸಾರು ಅಥವಾ ಹ್ಯಾಮ್ ಹಾಕುತ್ತಾರೆ, ತಿನ್ನದವರು ಮೊದಲೇ ಕೇಳಿಕೊಳ್ಳಬೇಕು. ತಮ್ಮ ಸಸ್ಯಾಹಾರಿ. ಅವನಿಗೆ 'ಸ್ಮಾಜೆನಿ ಸಿರ್' ಸಿಕ್ಕಿತು. ದಪ್ಪ ಚೀಸ್ ತುಂಡಿಗೆ ಬ್ರೆಡ್ ಪುಡಿ ಹಚ್ಚಿ ಕರಿದದ್ದು, ಜೊತೆಗೆ ಆಲೂಗಡ್ಡೆ. ಜೆಕ್ ನಾಡಿನಲ್ಲಿ ಯಾವ ಹೋಟೆಲಿಗೆ ಹೋದರೂ ಇದೊಂದು ಇದ್ದೇ ಇರುತ್ತದೆ. ಬ್ರೆಡ್ ಪುಡಿ ಹಚ್ಚುವ ಮೊದಲು ಸಾಮಾನ್ಯವಾಗಿ ಮೊಟ್ಟೆಯಲ್ಲಿ ಅದ್ದುತ್ತಾರೆ ಅಂತ ನಮಗೆ ಆಮೇಲೆ ತಿಳಿಯಿತು. ಮೊಟ್ಟೆ ತಿನ್ನುವ ಸಸ್ಯಾಹಾರಿಗಳು ಈ ಹೆಸರು ಬಾಯಿಪಾಠ ಮಾಡಿಕೊಂಡು ಹೋಗಿ.

ಶನಿವಾರ

ಬೆಳಿಗ್ಗೆ ಮಳೆ ನಿಂತಿತ್ತು. ಪಂದ್ಯ ಸಂಜೆಗೆ. ಸುಮ್ನೆ ಬಡಾವಣೆ ಸುತ್ತಲು ಹೊರಟೆವು. ಇಳಿಜಾರಿನ ಚೌಕದಲ್ಲಿ ಬಿಳಿ ಬಣ್ಣದ ಸೇಂಟ್ ವಾಕ್ಲಾವ್ ಚರ್ಚು. ಯೊಸೆಫ್ ಗೊಚಾರ್ ಎಂಬ ವಾಸ್ತುಶಿಲ್ಪಿ ಕಟ್ಟಿದ್ದು, 1930ರಲ್ಲಿ ಮುಗಿದದ್ದು. ಅಲಂಕಾರ ಏನೂ ಇಲ್ಲದ ನೆಟ್ಟನೆ ಗೋಪುರ. ಅದು ಏಳುತ್ತಿದ್ದ ಕಾಲದಲ್ಲೇ ಕೆಳಗೆ ಬೊತಿಚ್ ಹೊಳೆಯ ಪಕ್ಕದ ತಗ್ಗಿನಲ್ಲಿ ಫುಟ್‌ಬಾಲ್ ಮೈದಾನವೂ ಎದ್ದಿತು. 1932ರಲ್ಲಿ ಅದು ಶುರುವಾದಾಗ ಡ್ಯಾನ್ನರ್ ಸ್ಟೇಡಿಯಂ ಅನ್ನುತ್ತಿದ್ದರು. ಈಗ ಎಲ್ಲರ ಬಾಯಲ್ಲೂ ಡ್ಯೊಲೀಚೆಕ್.

ಕ್ಲಬ್ಬು ಮೈದಾನಕ್ಕಿಂತ ಹಳೆಯದು. 1905ರಲ್ಲಿ ಎಎಫ್‌ಕೆ ವರ್ಶೊವಿತ್ಸೆ ಅಂತ ಶುರುವಾಯಿತು. 1927ರಲ್ಲಿ ಅದಕ್ಕೆ ಆಸ್ಟ್ರೇಲಿಯಾದಿಂದ ಕರೆ ಬಂತು. ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ. ಅಲ್ಲಿಯ ಜನಕ್ಕೆ ವರ್ಶೊವಿತ್ಸೆ ಅಂತ ಹೇಳಲು ನಾಲಿಗೆ ಹೊರಳಲಿಲ್ಲ. ಬೊಹೆಮಿಯನ್ಸ್ ಅಂತ ಹೆಸರಿಟ್ಟುಕೊಂಡು ಊರಿಂದೂರಿಗೆ ಆಡಿದರು. ವಾಪಸ್ ಹೊರಟಾಗ ಎರಡು ಜೀವಂತ ಕಾಂಗರೂಗಳು ಉಡುಗೊರೆ ಬಂದವು! ಅವನ್ನು ಆಮೇಲೆ ಪ್ರಾಗ್ ಮೃಗಾಲಯಕ್ಕೆ ಕೊಟ್ಟರು ಅನ್ನುತ್ತಾರೆ. ಹೆಸರು ಉಳಿಯಿತು, ಕಾಂಗರೂ ಲಾಂಛನ ಆಯಿತು. ಈ ಆಟಗಾರರನ್ನು ಇಂದಿಗೂ ಕಾಂಗರೂಗಳು ಅಂತಲೇ ಕರೆಯುವುದು.

ಚರ್ಚಿನ ಹತ್ತಿರದ ಗೋಡೆಯೊಂದರ ಮೇಲೆ ಹಸಿರು ಬಣ್ಣದಲ್ಲಿ ಬರೆದ ಕಾಂಗರೂ ಕಂಡಿತು. ಬಾಲದ ತುದಿ ಅಳಿಸಿಹೋಗಿತ್ತು. ಯಾರೋ ಆ ತುದಿಗೆ ಮಾತ್ರ ಹೊಸದಾಗಿ ಬಣ್ಣ ಹಚ್ಚಿದ್ದರು. ಹಳೆಯ ಹಸಿರಿಗೂ ಹೊಸ ಹಸಿರಿಗೂ ಹೊಂದಿಕೆ ಇಲ್ಲ. ತಮ್ಮ ಅದರ ಫೋಟೋ ಹೊಡೆಯುತ್ತಾ ಬಹಳ ಹೊತ್ತು ನಿಂತ.

ಮಧ್ಯಾಹ್ನ ಪೇಟೆ ನೋಡಿಕೊಂಡು ಬರೋಣ ಅಂತ ಟ್ರಾಮ್ ಹತ್ತಿದೆವು. ಹಳಿ ರಿಪೇರಿ ನಡೆದಿತ್ತು. ಟ್ರಾಮು ನಡುದಾರಿಯಲ್ಲೇ ಬೇರೆ ಕಡೆ ತಿರುಗಿತು. ಜೆಕ್ ಭಾಷೆಯಲ್ಲಿ ಏನೋ ಘೋಷಣೆ ಆಯಿತು, ನಮಗೆ ಒಂದಕ್ಷರ ಅರ್ಥ ಆಗಲಿಲ್ಲ. ಎಲ್ಲರೂ ಇಳಿದರು, ನಾವೂ ಇಳಿದೆವು. ವಾರಾಂತ್ಯದಲ್ಲಿ ಇಲ್ಲಿ ಇದು ಮಾಮೂಲು, ಪಂದ್ಯಕ್ಕೆ ಹೋಗುವವರು ಅರ್ಧ ಗಂಟೆ ಜಾಸ್ತಿ ಇಟ್ಟುಕೊಳ್ಳುವುದು ಒಳ್ಳೆಯದು. ಪೇಟೆಯ ಆಸೆ ಬಿಟ್ಟು ವಾಪಸ್ ನಡೆದೆವು. ದಾರಿಯಲ್ಲಿ ಗಾಡಿಯೊಂದರಲ್ಲಿ ಬ್ರಂಬೊರಾಕ್ ಮಾಡುತ್ತಿದ್ದರು. ಆಲೂಗಡ್ಡೆ ತುರಿಗೆ ಬೆಳ್ಳುಳ್ಳಿ, ಮರ್ಜೋರಮ್ ಸೊಪ್ಪು ಸೇರಿಸಿ ಎಣ್ಣೆಯಲ್ಲಿ ಕಾಯಿಸಿದ್ದು. ಅಂಚು ಗರಿಗರಿ, ನಡುವೆ ಮೆತ್ತಗೆ. ನಮ್ಮ ಅಕ್ಕಿ ರೊಟ್ಟಿಯ ಅಂಚು ಕಿತ್ತು ತಿಂದ ಹಾಗಿತ್ತು. ಇದರ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ ಅಂತ ಗೊತ್ತಾಗಿ ತಮ್ಮ ಬೇಡವೆಂದ. ಅವನ ಪಾಲೂ ನನಗೇ ಬಂತು.

ಸಂಜೆ ಐದರ ಹೊತ್ತಿಗೆ ವರ್ಶೊವಿತ್ಸ್ಕಾ ರಸ್ತೆ ತುಂಬಾ ಹಸಿರು. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು, ಕೋಲು ಊರಿಕೊಂಡು ಬಂದ ಅಜ್ಜಿ, ಗಡ್ಡದ ಕಾಲೇಜು ಹುಡುಗರು. ಯಾರ ಮುಖದಲ್ಲೂ ಜಗಳದ ಕಳೆ ಇಲ್ಲ. ಮೈದಾನ ಸಣ್ಣದು, ಆರು ಸಾವಿರ ಚಿಲ್ಲರೆ ಜನ ಹಿಡಿಸುತ್ತದೆ. ಟ್ರಾಮ್ ರಸ್ತೆಗೆ ಅಂಟಿಕೊಂಡೇ ಗೋಡೆ. ಟಿಕೆಟನ್ನು ಮೊದಲೇ ಆನ್‌ಲೈನ್‌ನಲ್ಲಿ ತಗೊಂಡಿದ್ದೆವು, ಬಾಗಿಲಲ್ಲಿ ಸಿಗುತ್ತದೆ ಅಂತ ನಂಬಿ ಹೋಗಬೇಡಿ. ಕೆಂಪು-ಬಿಳಿ ಬಟ್ಟೆಯನ್ನಂತೂ ಹಾಕಿಕೊಳ್ಳಲೇಬೇಡಿ. ಅದು ಸ್ಲಾವಿಯಾದ ಬಣ್ಣ.

ಹಾಡು, ಡೋಲು ಎಲ್ಲ ನಡೆಯುವ ಜಾಗಕ್ಕೆ ಕೊತೆಲ್ ಅನ್ನುತ್ತಾರೆ. ಅಲ್ಲಿ ಕೂರುವ ಮಾತಿಲ್ಲ. ನಾವು ಅದರ ಪಕ್ಕದಲ್ಲಿ ಕೂತೆವು. ನನ್ನ ಬಲಕ್ಕೆ ಎಪ್ಪತ್ತು ದಾಟಿದ ಒಬ್ಬ ತಾತ, ಅವರ ಪಕ್ಕ ಮೊಮ್ಮಗಳು. ಆ ಹುಡುಗಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಇಂಡಿಯಾದಿಂದ ಅಂತ ತಿಳಿದ ಮೇಲೆ ತಾತ ನಮ್ಮನ್ನು ಬಿಡಲೇ ಇಲ್ಲ.

ಪನೆಂಕಾ ಆಡಿದ್ದನ್ನು ನೋಡಿದ್ದೀರಾ ಅಂತ ತಮ್ಮ ಕೇಳಿದ. ತಾತ ನಕ್ಕು, ಎದುರಿನ ಗೋಲಿನ ಕಡೆ ಕೈ ತೋರಿಸಿದರು. ತರಬೇತಿ ಮುಗಿದ ಮೇಲೆ ಪನೆಂಕಾ ಮತ್ತು ಗೋಲ್‌ಕೀಪರ್ ಜ್ದೆನೆಕ್ ಹ್ರುಷ್ಕಾ ಇಬ್ಬರೇ ಉಳಿದು ಪೆನಾಲ್ಟಿ ಆಡುತ್ತಿದ್ದರು. ಪಂತ ಬಿಯರ್ ಇಲ್ಲವೇ ಚಾಕಲೇಟು. ಹ್ರುಷ್ಕಾ ಮುಂದೆ ಪದೇ ಪದೇ ಸೋಲುತ್ತಿದ್ದ ಪನೆಂಕಾಗೆ ಒಂದು ಉಪಾಯ ಹೊಳೆಯಿತು. ಗೋಲ್‌ಕೀಪರ್ ಹೇಗೂ ಒಂದು ಪಕ್ಕಕ್ಕೆ ಹಾರುತ್ತಾನೆ. ಹಾಗಾದರೆ ಚೆಂಡನ್ನು ಮೆಲ್ಲಗೆ ನಡುವಿಗೇ ಎತ್ತಿ ಹಾಕಿದರೆ? ಹಾರಿದವನು ಗಾಳಿಯಲ್ಲಿ ವಾಪಸ್ ಬರಲು ಆಗುವುದಿಲ್ಲ, ಅಲ್ವಾ? ಅಲ್ಲಿಂದ ಮುಂದೆ ಪಂತ ಗೆಲ್ಲುತ್ತಾ ಹೋದ ಪನೆಂಕಾ, ಚಾಕಲೇಟು ತಿಂದು ತಿಂದು ದಪ್ಪಗಾದೆ ಅಂತ ತಾವೇ ಹೇಳಿಕೊಂಡಿದ್ದಾರೆ.

1976ರ ಜೂನ್ 20, ಬೆಲ್‌ಗ್ರೇಡ್. ಯುರೋ ಕಪ್ ಫೈನಲ್. ಎದುರಿಗೆ ವಿಶ್ವ ಚಾಂಪಿಯನ್ ಪಶ್ಚಿಮ ಜರ್ಮನಿ. ಪಂದ್ಯ 2-2, ಪೆನಾಲ್ಟಿಗೆ ಹೋಯಿತು. ಉಲಿ ಹೋನೆಸ್ ಹೊಡೆದ ಚೆಂಡು ಕಂಬದ ಮೇಲಿಂದ ಹೋಯಿತು. ಇನ್ನೊಂದು ಗೋಲು ಬಿದ್ದರೆ ಕಪ್ಪು ಚೆಕೊಸ್ಲೊವಾಕಿಯಾದ್ದು. ಪನೆಂಕಾ ದೂರದಿಂದ ಜೋರಾಗಿ ಓಡಿ ಬಂದರು, ಚೆಂಡಿನ ಅಡಿಗೆ ಕಾಲು ತೂರಿಸಿ ಸುಮ್ನೆ ಎತ್ತಿ ಬಿಟ್ಟರು. ಸೆಪ್ ಮೈಯರ್ ಅಷ್ಟರಲ್ಲಿ ಎಡಕ್ಕೆ ಬಿದ್ದಾಗಿತ್ತು. ಚೆಂಡು ನಿಧಾನವಾಗಿ ನಡುವಿನಲ್ಲಿ ಒಳಗೆ ಹೋಯಿತು. ಈಗ ಜಗತ್ತಿನ ಯಾವ ಮೂಲೆಯಲ್ಲಿ ಯಾರು ಹಾಗೆ ಹೊಡೆದರೂ ಅದಕ್ಕೆ ಪನೆಂಕಾ ಅಂತಲೇ ಹೆಸರು.

"ಎಲ್ಲರೂ ಬೆಲ್‌ಗ್ರೇಡ್ ಅನ್ನುತ್ತಾರೆ. ಆ ಹೊಡೆತ ಹುಟ್ಟಿದ್ದು ಇಲ್ಲಿ" ಅಂದರು ತಾತ. ಅದನ್ನು ಮೊಮ್ಮಗಳು ಎರಡು ಸಲ ಹೇಳಿದಳು, ನಮಗೆ ಸರಿಯಾಗಿ ಕೇಳಲಿ ಅಂತ.

ಪಂದ್ಯ ಶುರುವಾಯಿತು. ಜೆಕ್ ನಾಡಿನ ಪೂರ್ವ ಭಾಗವಾದ ಮೊರಾವಿಯಾ ಕಡೆಯಿಂದ ಬಂದ ತಂಡ ಮೊದಲು ಗೋಲು ಹೊಡೆಯಿತು. ಕೊತೆಲ್ ಒಂದು ಕ್ಷಣವೂ ನಿಲ್ಲಲಿಲ್ಲ, ಹಾಡು ಇನ್ನೂ ಜೋರಾಯಿತು. ಮತ್ತೆ ಮಳೆ ಹಿಡಿಯಿತು. ತಾತ ಚೀಲದಿಂದ ಪ್ಲಾಸ್ಟಿಕ್ ಹಾಳೆ ತೆಗೆದು ನಮ್ಮ ಮೂವರ ಮಂಡಿಯ ಮೇಲೂ ಹರಡಿದರು. ಅರ್ಧ ಆಟದ ಬಿಡುವಿನಲ್ಲಿ ನಾನು ಕ್ಲೊಬಾಸಾ ತಂದೆ. ಸುಟ್ಟ ಸಾಸೇಜು, ಸಾಸಿವೆ, ಕಪ್ಪು ಬ್ರೆಡ್ಡು. ತಮ್ಮನಿಗೆ ಬ್ರೆಡ್ಡು, ಸಾಸಿವೆ ಮಾತ್ರ.

ಆ ಬಿಡುವಿನಲ್ಲೇ ತಾತ 1983ರ ಕಥೆ ಹೇಳಿದ್ದು. ಪನೆಂಕಾ ಅಷ್ಟೊತ್ತಿಗೆ ವಿಯೆನ್ನಾದ ರಾಪಿಡ್ ತಂಡಕ್ಕೆ ಹೋಗಿಯಾಗಿತ್ತು. ಕೋಚ್ ತೊಮಾಶ್ ಪೊಸ್ಪೀಖಲ್, 1962ರ ವಿಶ್ವಕಪ್ ಫೈನಲ್ ಆಡಿದವರು. ಆ ವರ್ಷ ಬೊಹೆಮಿಯನ್ಸ್ ಲೀಗ್ ಗೆದ್ದಿತು. ಅದೇ ಸೀಸನ್ನಿನಲ್ಲಿ ಯುರೋಪಿನ ಕ್ಲಬ್ಬುಗಳ ಟೂರ್ನಿಯಾದ ಯುಇಎಫ್‌ಎ ಕಪ್‌ನಲ್ಲಿ ಫ್ರಾನ್ಸಿನ ಸೇಂತ್ ಎತಿಯೆನ್ ತಂಡವನ್ನು 4-0 ಅಂತರದಲ್ಲಿ ಬಡಿಯಿತು, ಸ್ಕಾಟ್ಲೆಂಡಿನ ಡಂಡೀ ಯುನೈಟೆಡ್ ತಂಡವನ್ನು ಹೊರಗೆ ಹಾಕಿತು. ಸೆಮಿಫೈನಲ್‌ನಲ್ಲಿ ಆಂಡರ್‌ಲೆಕ್ಟ್ ತಡೆಯಿತು, ಕಪ್ಪೂ ಅವರಿಗೇ ಹೋಯಿತು. "ಟಿಕೆಟ್ಟಿಗೆ ರಾತ್ರಿಯೆಲ್ಲ ಸಾಲಿನಲ್ಲಿ ನಿಂತಿದ್ದೆ" ಅಂತ ಹೇಳುವಾಗ ತಾತ ಹಾಳೆಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು.

ಕಮ್ಯುನಿಸ್ಟ್ ಕಾಲದಲ್ಲಿ ಈ ಕ್ಲಬ್ಬಿನ ಹೆಸರು ಎಷ್ಟೋ ಸಲ ಬದಲಾಯಿತು. 1950ರ ದಶಕದಲ್ಲಿ ಸ್ಪಾರ್ಟಕ್ ಸ್ಟಾಲಿನ್‌ಗ್ರಾಡ್ ಅಂತ ಇತ್ತು. ಆಮೇಲೆ ಚೇಕಾಡೆ (ČKD) ಎಂಬ ದೊಡ್ಡ ಎಂಜಿನಿಯರಿಂಗ್ ಕಾರ್ಖಾನೆಯ ಹೆಸರು ಸೇರಿತು. 1960ರ ದಶಕದಲ್ಲಿ ಬೊಹೆಮಿಯನ್ಸ್ ವಾಪಸ್ ಬಂತು, ಆದರೆ ಕಾರ್ಖಾನೆಯ ಹೆಸರೂ ಜೊತೆಗಿತ್ತು. ಇದನ್ನು ಕೇಳಿದಾಗ ನನಗೆ ಬೆಂಗಳೂರಿನ ಐಟಿಐ ನೆನಪಾಯಿತು. 1977ರ ಮೊದಲ ಫೆಡರೇಷನ್ ಕಪ್ಪಿನ ಫೈನಲ್‌ನಲ್ಲಿ ಮೋಹನ್ ಬಾಗಾನ್ ತಂಡವನ್ನು ಸೋಲಿಸಿದ್ದು ನಮ್ಮ ಟೆಲಿಫೋನ್ ಕಾರ್ಖಾನೆಯ ತಂಡ. ಕಾರ್ಖಾನೆ ಸೊರಗಿದ ಮೇಲೆ ಆ ತಂಡವನ್ನು ಕೈ ಹಿಡಿದು ಎತ್ತುವವರು ಸಿಗಲಿಲ್ಲ. ತಾತನಿಗೆ ಇದನ್ನು ಹೇಳಿದೆ. ಅವರು ಬಹಳ ಬೇಜಾರು ಮಾಡಿಕೊಂಡರು.

ಬೊಹೆಮಿಯನ್ಸ್‌ಗೂ ಅದೇ ಗತಿ ಬರಬೇಕಿತ್ತು. 2005ರಲ್ಲಿ, ನೂರು ತುಂಬಿದ ವರ್ಷದಲ್ಲೇ, ಸಾಲದಲ್ಲಿ ಮುಳುಗಿ ದಿವಾಳಿಯ ಬಾಗಿಲಿಗೆ ಬಂತು. ತಂಡವನ್ನು ಮೂರನೇ ಹಂತದ ಲೀಗ್‌ಗೆ ತಳ್ಳಿದರು. ಆಗ ಅಭಿಮಾನಿಗಳೇ ಒಂದು ಸಹಕಾರಿ ಸಂಘ ಕಟ್ಟಿ, ದುಡ್ಡು ಕೂಡಿಸಿ ಕ್ಲಬ್ಬನ್ನು ಉಳಿಸಿದರು. ಹತ್ತು, ಇಪ್ಪತ್ತು ಅಂತ ಕೊಟ್ಟವರೂ ಇದ್ದರು ಅಂತ ತಾತ ಹೇಳಿದರು. ಮೊಮ್ಮಗಳ ಅಪ್ಪ ಆ ವರ್ಷ ಬೇಸಿಗೆ ರಜೆಗೆ ಇಟ್ಟುಕೊಂಡಿದ್ದ ದುಡ್ಡು ಕೊಟ್ಟರಂತೆ. 2007ರಲ್ಲಿ ತಂಡ ಮೇಲಿನ ಲೀಗ್‌ಗೆ ವಾಪಸ್ ಬಂತು. 2008ರಲ್ಲಿ ಬಿತ್ತು, 2009ರಲ್ಲಿ ಎದ್ದಿತು. 2012ರಲ್ಲಿ ಮತ್ತೆ ಬಿತ್ತು, ಮರುವರ್ಷವೇ ಎದ್ದಿತು. ಅಲ್ಲಿಂದ ಮೇಲೆಯೇ ಇದೆ.

ಅದಕ್ಕಿಂತ ನೋವಿನದು ಹೆಸರಿನ ಜಗಳ. ಕ್ಲಬ್ಬು ಕಷ್ಟದಲ್ಲಿದ್ದಾಗ ಊರಿನ ಇನ್ನೊಂದು ಕಡೆಯ ಸ್ಟ್ರೀಜ್ಕೊವ್ ತಂಡ ಬೊಹೆಮಿಯನ್ಸ್ ಹೆಸರು, ಕಾಂಗರೂ ಲಾಂಛನ ಎರಡನ್ನೂ ಬಾಡಿಗೆಗೆ ಪಡೆದು ಆಡತೊಡಗಿತು. ಒಂದೇ ಊರಿನಲ್ಲಿ ಎರಡು ಬೊಹೆಮಿಯನ್ಸ್. ಕೋರ್ಟು, ಕಚೇರಿ ಅಂತ ವರ್ಷಗಟ್ಟಲೆ ಅಲೆದಾಟ. 2010ರಲ್ಲಿ ಇವರ ವಿರುದ್ಧದ ಪಂದ್ಯಕ್ಕೆ ಸ್ಟ್ರೀಜ್ಕೊವ್ ಬರಲೇ ಇಲ್ಲ. ಅಂಕ ಕಳೆದುಕೊಂಡು ಲೀಗಿನಿಂದಲೇ ಕೆಳಗೆ ಹೋಯಿತು. ಹಳೆಯ ಕ್ಲಬ್ಬು ತನ್ನ ಹೆಸರಿಗೆ ಹುಟ್ಟಿದ ವರ್ಷವನ್ನು ಸೇರಿಸಿಕೊಂಡಿತು, ಬೊಹೆಮಿಯನ್ಸ್ 1905 ಅಂತ. ನನಗೆ ಅದು ಸರಿ ಅನ್ನಿಸಿತು. ಹೆಸರನ್ನು ಬಾಡಿಗೆಗೆ ಕೊಡಬಹುದು, ಅಪ್ಪ-ಅಜ್ಜ ಕೂತು ಹೋದ ಬೆಂಚನ್ನು ಕೊಡಲು ಆಗುತ್ತದೆಯೇ?

ಆಟದ ಕೊನೆಯ ಭಾಗದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆ ಕೊಟ್ಟು ಬೊಹೆಮಿಯನ್ಸ್ ಸಮ ಮಾಡಿತು. ಪ್ಲಾಸ್ಟಿಕ್ ಹಾಳೆ ಎಲ್ಲೋ ಹಾರಿತು. ತಾತ ನನ್ನ ತಮ್ಮನನ್ನು ಅಪ್ಪಿಕೊಂಡು ಕುಣಿದರು. 1-1ಕ್ಕೆ ಮುಗಿಯಿತು. ಮುಗಿದ ಮೇಲೆ ಎದ್ದು ಹೋಗಬೇಡಿ. ಆಟಗಾರರು ಕೊತೆಲ್ ಮುಂದೆ ಬಂದು ಸಾಲಾಗಿ ನಿಲ್ಲುತ್ತಾರೆ. ಅವರು ಒಂದು ಕೂಗು ಕೂಗಿದರೆ ಜನ ಇನ್ನೊಂದು ಕೂಗುತ್ತಾರೆ. ಇದಕ್ಕೆ ಡ್ಯೆಕೊವಚ್ಕಾ ಅನ್ನುತ್ತಾರೆ. ಅಂದು ಒದ್ದೆಯಾಗಿ ನಡುಗುತ್ತಿದ್ದ ಹತ್ತೊಂಬತ್ತು-ಇಪ್ಪತ್ತರ ಹುಡುಗ ಆಟಗಾರ ಬೇಲಿಯವರೆಗೂ ಬಂದು, ಮುಂದಿನ ಸಾಲಿನ ಮಕ್ಕಳ ಕೈಗೆಲ್ಲ ಕೈ ತಾಗಿಸಿ ಹೋದ. ಒಂದು ಮಗುವನ್ನೂ ಬಿಡಲಿಲ್ಲ.

ಭಾನುವಾರ

ಬಿಸಿಲು ಬಂತು. ಗ್ರೆಬೊವ್ಕಾ ಪಾರ್ಕಿಗೆ ಹತ್ತಿದೆವು. ಊರ ನಡುವೆಯೇ ಇಳಿಜಾರಿನಲ್ಲಿ ದ್ರಾಕ್ಷಿ ತೋಟ. ಬಳ್ಳಿ ಇನ್ನೂ ಚಿಗುರಿರಲಿಲ್ಲ.

ಆಮೇಲೆ ಎಡೆನ್ ಕಡೆ ನಡೆದೆವು, ಸ್ಲಾವಿಯಾದ ಮನೆ ಮೈದಾನ. ಡ್ಯೊಲೀಚೆಕ್‌ನಿಂದ ಕಾಲ್ನಡಿಗೆಯ ದೂರ. ಒಂದೇ ಬಡಾವಣೆಯಲ್ಲಿ ಎರಡು ಕ್ಲಬ್ಬು, ಅದಕ್ಕೇ ಇವರಿಬ್ಬರ ಪಂದ್ಯಕ್ಕೆ ವರ್ಶೊವಿತ್ಸೆ ಡರ್ಬಿ ಅನ್ನುವುದು. ಎಡೆನ್‌ನ ಈಗಿನ ಕಟ್ಟಡ 2008ರದ್ದು, ಇಪ್ಪತ್ತು ಸಾವಿರದಷ್ಟು ಜನ ಹಿಡಿಸುತ್ತದೆ. ಚೆನ್ನಾಗಿದೆ, ಅಚ್ಚುಕಟ್ಟಾಗಿದೆ. 2010ರಲ್ಲಿ ಹಳೆ ಮೈದಾನದ ಭವಿಷ್ಯ ತೂಗಾಡುತ್ತಿದ್ದಾಗ ಬೊಹೆಮಿಯನ್ಸ್ ಕೂಡ ಇಲ್ಲಿಗೆ ಬಂದು ಆಡಬೇಕಾಯಿತು. ಎದುರಾಳಿಯ ಮನೆಯಲ್ಲಿ ಬಾಡಿಗೆಗಿದ್ದು ತಮ್ಮ ತಂಡ ಆಡುವುದನ್ನು ನೋಡುವ ಸಂಕಟ ಅಭಿಮಾನಿಗಳಿಗೆ. ಡ್ಯೊಲೀಚೆಕ್ ಉಳಿಸಿ ಅಂತ ಸಾವಿರಾರು ಜನ ಬೀದಿಗೆ ಇಳಿದರು. ಕೊನೆಗೆ 2016ರಲ್ಲಿ ಪ್ರಾಗ್ ನಗರವೇ ಆ ಮೈದಾನವನ್ನು ಕೊಂಡುಕೊಂಡಿತು. 2023ರಲ್ಲಿ ಲೀಗಿನಲ್ಲಿ ನಾಲ್ಕನೇ ಸ್ಥಾನಕ್ಕೆ ಏರಿ, ಮೂರು ದಶಕಕ್ಕೂ ಮೀರಿದ ಕಾಯುವಿಕೆ ಮುಗಿಸಿ ಕ್ಲಬ್ಬು ಯುರೋಪಿನ ಟೂರ್ನಿಗೆ ಕಾಲಿಟ್ಟಿತು. ನಾರ್ವೆಯ ಬೂಡೊ ಗ್ಲಿಮ್ಟ್ ತಂಡದ ಎದುರು ಎರಡನೇ ಅರ್ಹತಾ ಸುತ್ತಿನಲ್ಲೇ ಸೋತರು. ಸೋತರೇನು, ಅಲ್ಲಿವರೆಗೆ ಹೋದದ್ದೇ ಆ ಜನಕ್ಕೆ ಹಬ್ಬ.

ಹೊರಡುವ ಮೊದಲು ಕೆಳಮನೆಯ ಹೆಂಗಸಿಗೆ ಕೀಲಿ ಕೊಟ್ಟೆವು. ಅವರು ಕಾಫಿ ಮಾಡಿಕೊಟ್ಟರು. ಡ್ಯೊಲೀಚೆಕ್ ಕೆಡವಿ ಹೊಸದು ಕಟ್ಟಬೇಕೇ, ಹಳೆಯದನ್ನೇ ರಿಪೇರಿ ಮಾಡಬೇಕೇ ಅಂತ ಅವರ ಮನೆಯಲ್ಲೇ ಎರಡು ಪಕ್ಷ. ಮಗನಿಗೆ ಹೊಸ ಸ್ಟೇಡಿಯಂ ಬೇಕು, ಮಳೆಯಲ್ಲಿ ನೆನೆದು ಸಾಕಾಗಿದೆಯಂತೆ. ಅಮ್ಮನಿಗೆ ಚಾವಣಿ ಮಾತ್ರ ಬೇಕು, ಉಳಿದದ್ದೆಲ್ಲ ಹೇಗಿದೆಯೋ ಹಾಗೇ ಇರಲಿ. ನಾನು ಅಮ್ಮನ ಕಡೆ, ತಮ್ಮ ಮಗನ ಕಡೆ. ಬಸ್ಸಿನಲ್ಲಿ ಗಡಿ ದಾಟುವವರೆಗೂ ಇದೇ ವಾದ. ಒಂದು ವಿಷಯಕ್ಕೆ ಮಾತ್ರ ಇಬ್ಬರೂ ಒಪ್ಪಿದೆವು. ಮುಂದಿನ ಸಲ ಸ್ಲಾವಿಯಾ ವಿರುದ್ಧದ ಡರ್ಬಿಗೇ ಬರಬೇಕು, ಅದೂ ಎಡೆನ್‌ನಲ್ಲಿ ಅಲ್ಲ, ಡ್ಯೊಲೀಚೆಕ್‌ನಲ್ಲಿ. ಆ ಪಂದ್ಯದ ಟಿಕೆಟ್ ಸಿಗುವುದು ಕಷ್ಟ. ವೇಳಾಪಟ್ಟಿ ಯಾವಾಗ ಬರುತ್ತದೆ ಅಂತ ತಮ್ಮ ಬೆಂಗಳೂರಿನಿಂದ ದಿನಾ ನೋಡುತ್ತಿದ್ದಾನೆ.